ಸುಂಕದವನ ಸುಖ ದುಃಖ

ಮೊನ್ನೆ ಶುಕ್ರವಾರ ಮಧ್ಯಾಹ್ನ ಊಟದ ಮೇಲೆ, ಅಂದರೆ ಕಣ್ಣು ತೆರೆದು ಕೂರೋದೇ ಒಂದು ಸಾಧನೆ ಅನ್ನಿಸುವ ಹೊತ್ತಿಗೆ, ನಮ್ಮನ್ನೆಲ್ಲ ಆರನೇ ಮಹಡಿಯ ಹಾಲಿನಲ್ಲಿ ಕೂರಿಸಿದರು. ಹೊರಗಿನಿಂದ ಭಾಷಣಕಾರರೊಬ್ಬರು ಬಂದಿದ್ದರು. ವಿಷಯ, ನಿಮ್ಮ ಒಳಗಿನ ಕರೆಯನ್ನು ಕೇಳಿಸಿಕೊಳ್ಳಿ. ಗ್ಯಾರೇಜಿನಲ್ಲಿ ಕಂಪನಿ ಕಟ್ಟಿದವರ ಕತೆ ಬಂತು, ಕಾಲೇಜು ಬಿಟ್ಟು ಕೋಟ್ಯಧಿಪತಿಯಾದವರ ಕತೆ ಬಂತು, ಕೊನೆಗೆ ಮತ್ತಾಯನ ಕತೆ ಬಂತು. ಎರಡು ಸಾವಿರ ವರ್ಷದ ಹಿಂದೆ ಒಬ್ಬ ತೆರಿಗೆ ಅಧಿಕಾರಿ ಇದ್ದನಂತೆ. ಒಳ್ಳೇ ಸಂಬಳ, ಭದ್ರವಾದ ಕೆಲಸ, ಆದರೆ ಒಳಗೆಲ್ಲ ಖಾಲಿ ಖಾಲಿ. ಒಂದು ದಿನ ಯೇಸು ಬಂದು ಕರೆದ. ಇವನು ನೋಟಿಸ್ ಪೀರಿಯಡ್ ಕೂಡ ಕೇಳದೆ ಎದ್ದು ಹೊರಟುಬಿಟ್ಟ. ‘ನೀವು ಇನ್ನೂ ಯಾಕೆ ಕುರ್ಚಿಯಲ್ಲಿ ಕೂತಿದ್ದೀರಿ?’ ಅಂತ ಅವರು ಕೇಳಿದಾಗ ಹಾಲಿನಲ್ಲಿ ಚಪ್ಪಾಳೆ.

ಸಂಬಳ ಕೊಡುವ ಕಂಪನಿಯೇ ದುಡ್ಡು ಕೊಟ್ಟು ಕರೆಸಿದವರು ಕೆಲಸ ಬಿಡಿ ಅಂತ ಯಾಕೆ ಹೇಳುತ್ತಿದ್ದಾರೆ ಅನ್ನುವ ಅನುಮಾನ ನನಗೆ ಆಗಲೇ ಬಂತು. ಬಿಡಿ, ಅದು ಬೇರೆ ಲೇಖನಕ್ಕೆ. ತೊಂದರೆ ಶುರುವಾಗಿದ್ದು ಸೋಮವಾರ. ನನ್ನ ತಂಡದ ಹುಡುಗನೊಬ್ಬ, ಸೇರಿ ಇನ್ನೂ ಎರಡು ವರ್ಷ ಆಗಿಲ್ಲ, ಕಾಫಿ ಮೆಷಿನ್ನಿನ ಹತ್ತಿರ ನಿಲ್ಲಿಸಿಕೊಂಡು ಕೇಳಿದ. ‘ಸರ್, ಆ ಮತ್ತಾಯನ ಕತೆ ನಿಜಾನಾ? ಒಂದು ಕ್ಷಣಾನೂ ಯೋಚನೆ ಮಾಡ್ಲಿಲ್ವಂತೆ.’ ಅವನಿಗೆ ಫೋಟೋಗ್ರಫಿಯ ಹುಚ್ಚು. ಅವನ ಎಂಜಿನಿಯರಿಂಗ್ ಫೀಸು ಕಟ್ಟಿದ್ದು ಊರಲ್ಲಿರುವ ಅಕ್ಕ. ಆ ಸಾಲ ಇನ್ನೂ ತೀರಿಲ್ಲ ಅನ್ನೋದು ನನಗೆ ಗೊತ್ತು.

ನಾನು ಕ್ರೈಸ್ತನಲ್ಲ. ಆದರೆ ಆ ಪುಸ್ತಕವನ್ನು ಒಂದಕ್ಕಿಂತ ಹೆಚ್ಚು ಸಲ ಓದಿದ್ದೇನೆ. ಆ ಭಾಷಣಕಾರರು ಓದಿಲ್ಲ ಅಂತ ನನ್ನ ಗಟ್ಟಿ ಅನುಮಾನ. ಹಾಗಾಗಿ ಈ ಜಗಳ.

ಮೊದಲು ಆ ‘ತೆರಿಗೆ ಅಧಿಕಾರಿ’ ಅನ್ನುವ ಮಾತನ್ನೇ ಹಿಡಿಯೋಣ. ಅವನು ಇನ್‌ಕಮ್ ಟ್ಯಾಕ್ಸ್ ಕಮಿಷನರ್ ಅಲ್ಲ ಸ್ವಾಮಿ. ಸುಂಕದವನು. ಗಲಿಲಾಯ ಸರೋವರದ ದಡದ ಕಪೆರ್ನೌಮ್ ಅನ್ನುವ ಮೀನುಗಾರರ ಊರಲ್ಲಿ ಸುಂಕದ ಕಟ್ಟೆಯ ಮೇಲೆ ಕೂತವನು. (ಬೆಂಗಳೂರಿನವರಿಗೆ ಸುಂಕದಕಟ್ಟೆ ಅಂದರೆ ಮಾಗಡಿ ರಸ್ತೆಯ ಟ್ರಾಫಿಕ್ ನೆನಪಾಗುತ್ತೆ. ಆದರೆ ಹೆಸರಿನ ಒಳಗೆ ಇರುವುದು ಅದೇ ಕೆಲಸ.) ಗಲಿಲಾಯ ಆಗ ನೇರವಾಗಿ ರೋಮಿನ ಕೈಯಲ್ಲಿ ಇರಲಿಲ್ಲ. ರೋಮಿನ ಅಡಿಯಾಳಾಗಿದ್ದ ಹೆರೋದ ಅಂತಿಪ ಕ್ರಿ.ಶ. 39ರವರೆಗೂ ಅದನ್ನು ಆಳಿದ. ಯೊರ್ದನ್ ನದಿ ದಾಟಿದರೆ ಆಚೆ ಅವನ ಅಣ್ಣತಮ್ಮಂದಿರಲ್ಲಿ ಇನ್ನೊಬ್ಬನಾದ ಫಿಲಿಪ್ಪನ ಸೀಮೆ. ಗಡಿ ಹತ್ತಿರ ಅಂದಮೇಲೆ ಸುಂಕದ ಕಟ್ಟೆ ಇರಲೇಬೇಕಲ್ಲ. ಸುಂಕ ಎತ್ತುವ ಹಕ್ಕನ್ನು ಗುತ್ತಿಗೆ ಹಿಡಿಯುವ ಪದ್ಧತಿ ಅದು. ಮೇಲಿನವರಿಗೆ ಇಷ್ಟು ಅಂತ ಕಟ್ಟಬೇಕು, ಅದರ ಮೇಲೆ ಎಳೆದಿದ್ದೆಲ್ಲ ಎಳೆದವನಿಗೆ. ಇದರಲ್ಲಿ ಭದ್ರತೆ ಎಲ್ಲಿ ಬಂತು, ಸಂಬಳ ಎಲ್ಲಿ ಬಂತು?

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಸುಂಕದವನ ಹತ್ತಿರ ಸುಖ ದುಃಖ ಹೇಳಿಕೊಂಡ ಹಾಗೆ ಅಂತ. ಗಲಿಲಾಯದವರಿಗೆ ಇದನ್ನು ಹೇಳಿದ್ದರೆ ವಿವರಣೆಯೇ ಬೇಕಿರಲಿಲ್ಲ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ಯೆಹೂದ್ಯರ ಮಿಶ್ನಾದಲ್ಲಿ ಒಂದು ನಿಯಮ ಇದೆ. ಸುಂಕದವರ ಪೆಟ್ಟಿಗೆಯಿಂದ ಚಿಲ್ಲರೆ ಮಾಡಿಸಿಕೊಳ್ಳಬಾರದು, ಆ ಪೆಟ್ಟಿಗೆಯಿಂದ ದಾನ ಕೂಡ ತಗೋಬಾರದು. ಯಾಕೆಂದರೆ ಅದರಲ್ಲಿರುವುದು ಕದ್ದ ದುಡ್ಡು ಅನ್ನುವ ನಂಬಿಕೆ. ಆ ಊರಿನ ಭಿಕ್ಷುಕನೂ ಮುಟ್ಟಬಾರದ ದುಡ್ಡು!

ಅಲ್ಲೇ ಪಕ್ಕದಲ್ಲಿ ಮೀನು ಹಿಡಿಯುತ್ತಿದ್ದವರ ಬದುಕು ಹೇಗಿತ್ತು ಅಂತ ನೋಡಬೇಕಾದರೆ ಒಂದು ದೋಣಿ ಇದೆ. 1986ರಲ್ಲಿ ಬರ ಬಂದು ಸರೋವರದ ನೀರು ಇಳಿದಾಗ ಅಲ್ಲಿನ ಇಬ್ಬರು ಅಣ್ಣತಮ್ಮಂದಿರು, ಅವರೂ ಮೀನುಗಾರರೇ, ಕೆಸರಿನಲ್ಲಿ ಹೂತಿದ್ದ ಹಳೇ ದೋಣಿಯೊಂದನ್ನು ಕಂಡರು. ಹೆಚ್ಚುಕಡಿಮೆ ಯೇಸುವಿನ ಕಾಲದ್ದು. 8 ಮೀಟರಿಗಿಂತ ತುಸು ಉದ್ದ. ತಜ್ಞರು ಪರೀಕ್ಷೆ ಮಾಡಿದರೆ ಅದರಲ್ಲಿ ಹತ್ತಕ್ಕೂ ಹೆಚ್ಚು ಜಾತಿಯ ಮರದ ತುಂಡುಗಳು! ಹಳೇ ದೋಣಿಗಳ ಹಲಗೆ ಕಿತ್ತು, ಸಿಕ್ಕಿದ ಮರ ಸೇರಿಸಿ, ತೇಪೆ ಮೇಲೆ ತೇಪೆ ಹಾಕಿ ಓಡಿಸಿದ ದೋಣಿ. ಇಂಥ ದೋಣಿಯ ಮಾಲಿನ ಮೇಲೆ ಸುಂಕ ಎಳೆಯುವವನನ್ನು ದೋಣಿಯವರು ಹೇಗೆ ನೋಡುತ್ತಿದ್ದರು ಅಂತ ಹೇಳೋಕೆ ಚರಿತ್ರೆಕಾರರು ಬೇಕಿಲ್ಲ.

ಈಗ ಕರೆಯ ವಿಷಯ. ಮಾರ್ಕನ ಪುಸ್ತಕದಲ್ಲಿ ಇಡೀ ಪ್ರಸಂಗ ಒಂದು ವಾಕ್ಯದಲ್ಲಿ ಮುಗಿಯುತ್ತೆ. ಯೇಸು ಹೋಗುತ್ತಿದ್ದ, ಅಲ್ಫಾಯನ ಮಗ ಲೇವಿ ಕಟ್ಟೆಯ ಮೇಲೆ ಕೂತಿದ್ದ, ಹಿಂದೆ ಬಾ ಅಂದ, ಅವನು ಎದ್ದು ಹೋದ. ಅಷ್ಟೇ. ಮಾರ್ಕ ಮತ್ತು ಲೂಕ ಇವನನ್ನು ಲೇವಿ ಅನ್ನುತ್ತಾರೆ, ಮತ್ತಾಯನ ಪುಸ್ತಕ ಮಾತ್ರ ಮತ್ತಾಯ ಅನ್ನುತ್ತೆ. ಒಬ್ಬನೇ ಮನುಷ್ಯನ ಎರಡು ಹೆಸರು ಅನ್ನೋದು ಪರಂಪರೆಯ ನಂಬಿಕೆ. ಈ ಮೂರರಲ್ಲಿ ಯಾವುದರಲ್ಲೂ ಅವನ ಒಳಗೆ ಖಾಲಿ ಇತ್ತು ಅಂತ ಇಲ್ಲ. ಕೆಲಸ ಬೇಜಾರಾಗಿತ್ತು ಅಂತ ಇಲ್ಲ. ಚಿಕ್ಕಂದಿನಿಂದ ಅಪೊಸ್ತಲನಾಗುವ ಕನಸು ಕಂಡಿದ್ದ ಅಂತಲಂತೂ ಇಲ್ಲವೇ ಇಲ್ಲ. ಅವನು ತನ್ನ ಒಳಗಿನ ಯಾವ ದನಿಯನ್ನೂ ಕೇಳಿಸಿಕೊಳ್ಳಲಿಲ್ಲ. ದನಿ ಹೊರಗಿನಿಂದ ಬಂತು, ರಸ್ತೆಯಿಂದ ಬಂತು, ಇನ್ನೊಬ್ಬನ ಬಾಯಿಂದ ಬಂತು. ಅಪೊಸ್ತಲ ಅನ್ನುವ ಗ್ರೀಕ್ ಮೂಲದ ಪದಕ್ಕೆ ‘ಕಳಿಸಲ್ಪಟ್ಟವನು’ ಅಂತ ಅರ್ಥ. ತನಗೆ ಇಷ್ಟವಾದ ಕಡೆ ಹೊರಟವನು ಅಂತಲ್ಲ, ಇನ್ನೊಬ್ಬರು ಕಳಿಸಿದ ಕಡೆ ಹೋಗುವವನು.

ಭಾಷಣಕಾರರು ಇಲ್ಲಿಗೇ ಕತೆ ನಿಲ್ಲಿಸಿದರು. ಆದರೆ ಕತೆಯ ಜೀವ ಇರೋದು ಮುಂದಿನ ಭಾಗದಲ್ಲಿ. ಎದ್ದುಹೋದ ಲೇವಿ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಮನೆಯಲ್ಲಿ ದೊಡ್ಡ ಊಟ ಹಾಕಿಸಿದ. ಯಾರಿಗೆ? ತನ್ನ ಜೊತೆಯ ಸುಂಕದವರಿಗೆ! ಹಳೇ ಆಫೀಸಿನವರನ್ನು ‘ಇನ್ನೂ ಕುರ್ಚಿಯಲ್ಲಿ ಕೂತವರು’ ಅಂತ ಅವನು ಕೀಳಾಗಿ ನೋಡಲಿಲ್ಲ. ಅವರ ಪಕ್ಕ ಯೇಸು ಕೂತು ಉಂಡ. ಇದನ್ನು ನೋಡಿ ಫರಿಸಾಯರಿಗೆ ಸಿಟ್ಟು ಬಂತು. ಅವರ ಸಿಟ್ಟು ಲೇವಿ ಕೆಲಸ ಬಿಟ್ಟ ಅಂತ ಅಲ್ಲವೇ ಅಲ್ಲ. ಇಂಥವರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡ್ತಾನಲ್ಲ ಅಂತ. ಪಂಕ್ತಿಭೇದ ಅಂದರೆ ಏನು ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ. ಯಾರ ಜೊತೆ ಉಣ್ಣಬಹುದು, ಯಾರ ಜೊತೆ ಉಣ್ಣಬಾರದು ಅನ್ನುವುದರ ಮೇಲೆ ನಡೆದ ಆ ಜಗಳವನ್ನು ತೆಗೆದು, ಅದರ ಜಾಗದಲ್ಲಿ ‘ಕಂಫರ್ಟ್ ಜೋನಿನಿಂದ ಹೊರಗೆ ಬನ್ನಿ’ ಅಂತ ತುಂಬಿಸಿದರೆ ನನಗೆ ಸಿಟ್ಟು ಬರುತ್ತೆ. ಆ ಹನ್ನೆರಡು ಜನರ ಪಟ್ಟಿ ತೆಗೆದು ನೋಡಿ. ಅದರಲ್ಲಿ ಮೀನುಗಾರರಿದ್ದಾರೆ, ಸುಂಕದ ಮತ್ತಾಯ ಇದ್ದಾನೆ, ಮತಾಭಿಮಾನಿ ಅನ್ನುವ ಅಡ್ಡಹೆಸರಿನ ಸೀಮೋನ ಇದ್ದಾನೆ. ದಿನಾ ಒಟ್ಟಿಗೆ ನಡೆಯಬೇಕು, ಒಟ್ಟಿಗೆ ಉಣ್ಣಬೇಕು. ಸುಂಕ ಕಟ್ಟಿದವನೂ ಕಟ್ಟಿಸಿಕೊಂಡವನೂ ಒಂದೇ ಬುಟ್ಟಿಯಿಂದ ರೊಟ್ಟಿ ಮುರಿಯೋದು ಒಬ್ಬನೇ ಧೈರ್ಯವಾಗಿ ರಾಜೀನಾಮೆ ಪತ್ರ ಬರೆಯೋದಕ್ಕಿಂತ ಕಷ್ಟದ ಕೆಲಸ ಅಂತ ನನ್ನ ಲೆಕ್ಕ.

ಇನ್ನು ಕೆಲಸ ಬಿಡೋದೇ ಕರೆ ಅನ್ನುವ ವಾದ. ಅದೇ ಪುಸ್ತಕದ ಪುಟ ತಿರುಗಿಸಿ. ಸುಂಕದವರು ಸ್ನಾನಿಕ ಯೋಹಾನನ ಹತ್ತಿರ ಹೋಗಿ ನಾವೇನು ಮಾಡಬೇಕು ಅಂತ ಕೇಳಿದಾಗ ಅವನು ಕೆಲಸ ಬಿಡಿ ಅನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚಿಗೆ ಕಿತ್ತುಕೊಳ್ಳಬೇಡಿ ಅಂದ. ಯೆರಿಕೋ ಊರಿನ ಜಕ್ಕಾಯ ಇನ್ನೂ ದೊಡ್ಡ ಕುಳ, ಸುಂಕದವರ ಮುಖಂಡ. ಗುಂಪಿನಲ್ಲಿ ಕಾಣದೆ ಮರ ಹತ್ತಿ ಕೂತಿದ್ದ ಕುಳ್ಳ. ಅವನನ್ನೂ ಯೇಸು ಹೆಸರು ಹಿಡಿದು ಕರೆದ, ಮನೆಗೆ ಹೋಗಿ ಉಂಡ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂತ ಜಕ್ಕಾಯ ಹೇಳಿದ. ಕೆಲಸ ಬಿಟ್ಟ ಅಂತ ಲೂಕ ಎಲ್ಲೂ ಬರೆದಿಲ್ಲ. ನಾಲ್ಕರಷ್ಟು ವಾಪಸ್ ಕೊಡುವ ಕತೆಯನ್ನು ಯಾವ ಕಂಪನಿಯ ಹಾಲಿನಲ್ಲಾದರೂ ಕೇಳಿದ್ದೀರಾ?

ಅದಕ್ಕಿಂತ ನನಗೆ ಹಿಡಿಸುವುದು ಗೆರಸೇನರ ಸೀಮೆಯ ಹುಚ್ಚನ ಕತೆ. ಸ್ಮಶಾನದಲ್ಲಿ ಕಲ್ಲಿನಿಂದ ಮೈ ಕೊಯ್ದುಕೊಳ್ಳುತ್ತಾ ಅಲೆಯುತ್ತಿದ್ದವನು ಗುಣವಾದ ಮೇಲೆ ನಾನೂ ಬರುತ್ತೇನೆ ಅಂತ ದೋಣಿಯ ಹತ್ತಿರ ಬಂದು ಬೇಡಿಕೊಂಡ. ಯೇಸು ಬೇಡ ಅಂದ! ಮನೆಗೆ ಹೋಗು, ನಿನ್ನವರಿಗೆ ಹೇಳು ಅಂದ. ಎಷ್ಟೋ ವರ್ಷ ಮನೆಯವರ ಪಾಲಿಗೆ ಸತ್ತಂತಿದ್ದವನಿಗೆ ಸಿಕ್ಕ ಕರೆ ಏನಪ್ಪಾ ಅಂದರೆ ಮನೆಗೆ ಹೋಗುವುದು. ಒಬ್ಬನಿಗೆ ಎದ್ದು ಬಾ, ಇನ್ನೊಬ್ಬನಿಗೆ ಅಲ್ಲೇ ಇರು. ಇದರಿಂದ ಒಂದು ಸ್ಲೈಡ್ ಮಾಡೋಕೆ ಆಗಲ್ಲ, ನಿಜ.

ಪೌಲನನ್ನೂ ಅವತ್ತು ಎಳೆದು ತಂದಿದ್ದರು. ದಮಸ್ಕದ ದಾರಿ, ಬೆಳಕು, ಕುದುರೆಯಿಂದ ಬಿದ್ದ, ಹೆಸರೇ ಬದಲಾಯಿತು, ಹೊಸ ಜೀವನ. ಮೊದಲನೆಯದಾಗಿ ಅಲ್ಲಿ ಕುದುರೆಯೇ ಇಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಈ ಕತೆ ಮೂರು ಸಲ ಬರುತ್ತೆ, ಮೂರರಲ್ಲೂ ಅವನು ಬೀಳುವುದು ನೆಲಕ್ಕೆ, ಕುದುರೆಯ ಸುದ್ದಿಯೇ ಇಲ್ಲ. ಕುದುರೆ ಕೊಟ್ಟವರು ಚಿತ್ರಕಾರರು. ಕಾರವಾಜ್ಜೋ 1601ರ ಸುಮಾರಿಗೆ ಬರೆದ ಚಿತ್ರದಲ್ಲಂತೂ ಪೌಲನಿಗಿಂತ ಕುದುರೆಯೇ ದೊಡ್ಡದು. ಹೆಸರೂ ಆ ದಾರಿಯಲ್ಲಿ ಬದಲಾಗಲಿಲ್ಲ. ಸೌಲ, ಪೌಲ ಎರಡೂ ಅವನದೇ ಹೆಸರು ಅಂತ ಎಷ್ಟೋ ಅಧ್ಯಾಯದ ಆಚೆ ಒಂದು ಮಾತು ಬರುತ್ತೆ, ಅಷ್ಟೇ. ಹೊಸ ಜೀವನದ ಲೆಕ್ಕ ಅವನೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ಅರೇಬಿಯಕ್ಕೆ ಹೋದ, ದಮಸ್ಕಕ್ಕೆ ವಾಪಸ್ ಬಂದ, ಯೆರೂಸಲೇಮಿಗೆ ಹೋಗಿ ಪೇತ್ರನನ್ನು ನೋಡಿದ್ದು 3 ವರ್ಷದ ಮೇಲೆ, ಮತ್ತೆ ಅಲ್ಲಿಗೆ ಹೋಗಿದ್ದು 14 ವರ್ಷದ ಮೇಲೆ. ಇಷ್ಟೆಲ್ಲ ಆಗುವಾಗ ಹೊಟ್ಟೆಗೆ? ಗುಡಾರ ಹೊಲಿಯುತ್ತಿದ್ದ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅನ್ನುವ ಗಂಡ ಹೆಂಡತಿಯ ಜೊತೆ ಉಳಿದುಕೊಂಡಿದ್ದೇ ಮೂವರದೂ ಒಂದೇ ಕಸುಬು ಅಂತ. ಯಾರಿಗೂ ಹೊರೆಯಾಗಬಾರದು ಅಂತ ರಾತ್ರಿ ಹಗಲು ದುಡಿದೆ ಅಂತ ಥೆಸಲೋನಿಕದವರಿಗೆ ನೆನಪಿಸುತ್ತಾನೆ. ಅಲ್ಲಿಗೆ, ಜಗತ್ತಿನ ಅತಿ ದೊಡ್ಡ ಕರೆ ಬಂದವನು ಸೂಜಿ ದಾರ ಕೆಳಗಿಡಲಿಲ್ಲ.

ನನ್ನ ವಿರುದ್ಧದ ಸಾಕ್ಷಿಯೂ ಇದೆ, ಮುಚ್ಚಿಡಲ್ಲ. ಅಪ್ಪನನ್ನು ಮಣ್ಣು ಮಾಡಿ ಬರುತ್ತೇನೆ ಅಂದವನಿಗೆ ಯೇಸು ಕೊಟ್ಟ ಉತ್ತರ ಇವತ್ತಿಗೂ ಮೈ ನಡುಗಿಸುತ್ತೆ. ನೇಗಿಲಿಗೆ ಕೈ ಹಾಕಿ ಹಿಂದೆ ತಿರುಗಿ ನೋಡುವವನ ಬಗ್ಗೆ ಕಟುವಾದ ಮಾತಿದೆ. ಲೇವಿ ಎಲ್ಲವನ್ನೂ ಬಿಟ್ಟ ಅಂತ ಲೂಕ ಬರೆದಿದ್ದಾನೆ. ಅವನ ಬಿಡುಗಡೆ ಮೀನುಗಾರರದ್ದಕ್ಕಿಂತ ಕಠಿಣ ಕೂಡ. ಪೇತ್ರ ಬೇಜಾರಾದಾಗ ಮತ್ತೆ ಮೀನು ಹಿಡಿಯೋಕೆ ಹೋದ, ಯೋಹಾನನ ಕೊನೇ ಅಧ್ಯಾಯದಲ್ಲಿ 153 ಮೀನು ಸಿಕ್ಕಿದ ಲೆಕ್ಕವೂ ಇದೆ. ಬಿಟ್ಟುಬಂದ ಸುಂಕದ ಕಟ್ಟೆ ಹಾಗೆ ಕಾಯ್ದುಕೊಂಡು ಕೂರಲ್ಲ, ಮಾರನೇ ದಿನವೇ ಇನ್ನೊಬ್ಬ ಬಂದು ಕೂತಿರುತ್ತಾನೆ. ಹಾಗಾಗಿ ಕರೆ ಅನ್ನೋದು ಹಗುರ ಅಂತ ನಾನು ಹೇಳುತ್ತಿಲ್ಲ. ಹಗುರ ಮಾಡಿದವರು ಅವರು. ಎಲ್ಲ ಬಿಟ್ಟು ಬಂದೆವಲ್ಲ ಅಂತ ಪೇತ್ರ ಕೇಳಿದಾಗ ನೂರರಷ್ಟು ಸಿಗುತ್ತೆ ಅಂತ ಯೇಸು ಹೇಳಿದ್ದನ್ನು ಭಾಷಣಕಾರರು ದೊಡ್ಡ ಅಕ್ಷರದಲ್ಲಿ ತೋರಿಸಿದರು. ಅದೇ ವಾಕ್ಯದ ಒಳಗೆ, ಜೊತೆಗೆ ಹಿಂಸೆಯೂ ಸಿಗುತ್ತೆ ಅಂತ ಇದೆ. ಅದು ಸ್ಕ್ರೀನಿನ ಮೇಲೆ ಬರಲೇ ಇಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಡವೇ ಅಂತ ಅದೇ ಯೇಸು, ಅದೇ ಲೂಕನ ಪುಸ್ತಕದಲ್ಲಿ, ತನ್ನ ಹಿಂದೆ ಬರುತ್ತಿದ್ದ ಜನಕ್ಕೇ ಕೇಳುತ್ತಾನೆ. ಅದೂ ಬರಲಿಲ್ಲ.

ಖರ್ಚು ಅಂದ ಮೇಲೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಕೆಲಸ ಬಿಟ್ಟ ಹನ್ನೆರಡು ಜನ ಗಂಡಸರು, ಜೊತೆಗೆ ಯೇಸು, ಊರಿಂದ ಊರಿಗೆ. ಊಟ ಎಲ್ಲಿಂದ ಬಂತು? ಲೂಕನ ಎಂಟನೇ ಅಧ್ಯಾಯದ ಮೊದಲ ಮೂರು ವಚನದಲ್ಲಿ ಉತ್ತರ ಇದೆ, ಯಾರೂ ಓದಲ್ಲ. ಮಗ್ದಲದ ಮರಿಯಳು, ಸುಸನ್ನಳು, ಯೋಹಾನಳು, ಇನ್ನೂ ಹಲವು ಹೆಂಗಸರು ತಮ್ಮ ಕೈಯಿಂದ ದುಡ್ಡು ಹಾಕಿ ಇವರನ್ನೆಲ್ಲ ನೋಡಿಕೊಂಡರು. ಈ ಯೋಹಾನಳ ಗಂಡ ಕೂಜ ಹೆರೋದನ ಮನೆವಾರ್ತೆ ನೋಡಿಕೊಳ್ಳುತ್ತಿದ್ದವನು. ಕಪೆರ್ನೌಮಿನ ಕಟ್ಟೆಯಲ್ಲಿ ಎತ್ತಿದ ಸುಂಕ ಹೋಗುತ್ತಿದ್ದುದು ಆ ಹೆರೋದನಿಗೇ. ಇನ್ನು ಮುಂದಿನದು ನನ್ನ ಊಹೆ, ಆದರೆ ತೀರಾ ಅಡ್ಡಾದಿಡ್ಡಿ ಊಹೆಯಲ್ಲ. ಮತ್ತಾಯ ಬಿಟ್ಟು ಬಂದ ದುಡ್ಡಿನಲ್ಲಿ ಒಂದಿಷ್ಟಾದರೂ ಅರಮನೆ ಸುತ್ತಿ, ಕೂಜನ ಸಂಬಳವಾಗಿ, ಯೋಹಾನಳ ಕೈಯಿಂದ ಅವನ ತಟ್ಟೆಗೇ ಬಂದಿರಬೇಕು.

ಕರೆ ಬಂದವರ ಹೆಸರುಗಳ ಪಟ್ಟಿ ನಾಲ್ಕು ಕಡೆ ಇದೆ. ಖರ್ಚು ಕೊಟ್ಟವರ ಹೆಸರು ಮೂರೇ ಮೂರು. ಪೇತ್ರನ ಅತ್ತೆಗೆ ಹೆಸರೇ ಇಲ್ಲ. ಮಾರ್ಕನಲ್ಲಿ ಅಳಿಯ ಬಲೆ ಬಿಟ್ಟು ಹೊರಟ ಸ್ವಲ್ಪ ಹೊತ್ತಿಗೆಲ್ಲ ಗೆಳೆಯರನ್ನು ಕಟ್ಟಿಕೊಂಡು ಅದೇ ಮನೆಗೆ ಬರುತ್ತಾನೆ. ಜ್ವರದಿಂದ ಮಲಗಿದ್ದ ಅತ್ತೆ ಗುಣವಾಗಿ ಎದ್ದಳು, ಎದ್ದವಳೇ ಎಲ್ಲರಿಗೂ ಉಪಚಾರ ಮಾಡಿದಳು. ಜೆಬೆದಾಯನನ್ನು ಮಕ್ಕಳಿಬ್ಬರೂ ದೋಣಿಯಲ್ಲೇ ಬಿಟ್ಟು ಹೋದರು. ಜೊತೆಗೆ ಕೂಲಿಯಾಳುಗಳಿದ್ದರು ಅಂತ ಮಾರ್ಕ ಒಂದು ಮಾತು ಸೇರಿಸಿದ್ದಾನೆ. ಮುದುಕ ಒಬ್ಬನೇ ಬಲೆ ಎಳೆಯಬೇಕಾಗಲಿಲ್ಲ ಅನ್ನೋದಕ್ಕೇ ಅದನ್ನು ಸೇರಿಸಿದ್ದು ಅಂತ ನಾನು ಓದಿಕೊಳ್ಳುತ್ತೇನೆ.

ಇದು ನನಗೆ ಯಾಕೆ ಇಷ್ಟು ಚುಚ್ಚುತ್ತೆ ಅಂದರೆ, ನಮ್ಮ ಮನೆಯಲ್ಲೂ ಕರೆ ಬಂದವರೊಬ್ಬರಿದ್ದರು. ನಮ್ಮ ಚಿಕ್ಕಪ್ಪ. ಬ್ಯಾಂಕಿನ ಕೆಲಸ ಬಿಟ್ಟು ತಬಲಾ ಹಿಂದೆ ಹೋದರು. ಮದುವೆ ಮುಂಜಿಗಳಲ್ಲಿ ಇವತ್ತಿಗೂ ಅವರ ಮಾತು ಬಂದರೆ ಎಲ್ಲರ ಮುಖ ಅರಳುತ್ತೆ, ‘ಎಲ್ಲಾ ಬಿಟ್ಟು ಎದ್ದು ಹೋದ ನೋಡು, ಗಂಡು’ ಅಂತ. ಪಿಯುಸಿಯ ಎರಡು ವರ್ಷ ನಾನು ಅವರ ಮನೆಯಲ್ಲಿದ್ದೆ. ಚಿಕ್ಕಮ್ಮ ಬ್ಲೌಸು ಹೊಲಿಯುತ್ತಿದ್ದರು, ಸೀರೆಗೆ ಫಾಲ್ಸ್ ಹಾಕಿಕೊಡುತ್ತಿದ್ದರು. ರಾತ್ರಿ ಹನ್ನೊಂದಕ್ಕೆ ನಾನು ಓದು ಮುಗಿಸಿ ದೀಪ ಆರಿಸಿದರೆ ನಡುಮನೆಯಲ್ಲಿ ಮೆಷಿನ್ನಿನ ಸದ್ದು ಇನ್ನೂ ಇರುತ್ತಿತ್ತು. ಚಿಕ್ಕಪ್ಪ ಒಳ್ಳೆಯವರೇ, ತಬಲಾನೂ ಚೆನ್ನಾಗಿ ನುಡಿಸುತ್ತಿದ್ದರು. ಕೆಲಸ ಬಿಡುವ ಮೊದಲು ಚಿಕ್ಕಮ್ಮನನ್ನು ಒಂದು ಮಾತು ಕೇಳಿದ್ದರಾ ಅಂತ ನಾನು ಒಮ್ಮೆ ಕೇಳಿದೆ. ಚಿಕ್ಕಮ್ಮ ಹಲ್ಲಿನಲ್ಲಿ ದಾರ ಕತ್ತರಿಸಿ, ‘ಸಂಜೆ ಬಂದು ಹೇಳಿದ್ರು’ ಅಂದರು.

ರೋಮಿನಲ್ಲಿ ಸಾನ್ ಲುಯಿಜಿ ಅನ್ನುವ ಚರ್ಚಿದೆ. ಅಲ್ಲಿ ಕಾರವಾಜ್ಜೋ 1600ರ ಹೊತ್ತಿಗೆ ಮುಗಿಸಿದ, ಮತ್ತಾಯನ ಕರೆಯದೇ ಚಿತ್ರವಿದೆ. ನಾನು ನೋಡಿರುವುದು ಫೋನಿನ ಪರದೆಯಲ್ಲಿ ಮಾತ್ರ. ಕತ್ತಲ ಕೋಣೆ, ಮೇಜಿನ ಸುತ್ತ ದುಡ್ಡು ಎಣಿಸುತ್ತಾ ಕೂತ ಐದು ಜನ, ಬಲಗಡೆಯಿಂದ ಯೇಸುವಿನ ಚಾಚಿದ ಕೈ. ಗಡ್ಡದವನೊಬ್ಬ ಬೆರಳು ತೋರಿಸುತ್ತಿದ್ದಾನೆ. ‘ನನ್ನನ್ನಾ?’ ಅಂತ ತನ್ನ ಕಡೆಗೋ, ‘ಇವನನ್ನಾ?’ ಅಂತ ಮೂಲೆಯಲ್ಲಿ ತಲೆ ತಗ್ಗಿಸಿ ನಾಣ್ಯ ಎಣಿಸುತ್ತಿರುವ ಹುಡುಗನ ಕಡೆಗೋ ಅಂತ ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಕರೆದದ್ದು ಯಾರನ್ನು ಅನ್ನೋದೇ ಇಷ್ಟು ವರ್ಷ ಆದರೂ ತೀರ್ಮಾನವಾಗಿಲ್ಲ. ನಮ್ಮ ಹಾಲಿನಲ್ಲಿ ಮಾತ್ರ ಇನ್ನೂರು ಜನಕ್ಕೆ ನಲವತ್ತೈದು ನಿಮಿಷದಲ್ಲಿ ತೀರ್ಮಾನವಾಗಿಹೋಯಿತು. ಅಂದಹಾಗೆ, ಕ್ಯಾಥೊಲಿಕ್ ಪರಂಪರೆಯಲ್ಲಿ ಸಂತ ಮತ್ತಾಯ ಯಾರ ಪಾಲಕ ಸಂತ ಗೊತ್ತೇ? ಲೆಕ್ಕಿಗರದ್ದು, ಬ್ಯಾಂಕಿನವರದ್ದು, ತೆರಿಗೆಯವರದ್ದು. ಕೆಲಸ ಬಿಟ್ಟವರದ್ದಲ್ಲ.

ಇದನ್ನೆಲ್ಲ ಕಾಫಿ ಮೆಷಿನ್ನಿನ ಹತ್ತಿರ ಆ ಹುಡುಗನಿಗೆ ಹೇಳೋಕೆ ಆಗಲಿಲ್ಲ, ಹಿಂದೆ ಕ್ಯೂ ಬೆಳೆಯುತ್ತಿತ್ತು. ಕೆಲಸ ಬಿಡಬೇಡ ಅಂತಲೂ ಹೇಳಲಿಲ್ಲ. ಅವನ ಫೋಟೋಗಳು ನಿಜಕ್ಕೂ ಚೆನ್ನಾಗಿವೆ. ಅಕ್ಕನಿಗೆ ಹೇಳಿದ್ದೀಯಾ ಅಂತ ಮಾತ್ರ ಕೇಳಿದೆ. ಇಲ್ಲ ಸರ್, ಎಲ್ಲಾ ಸೆಟಲ್ ಆದಮೇಲೆ ಹೇಳೋಣ ಅಂತ, ಅಂದ. ಲೇವಿ ಕೂಡ ಮನೆಯಲ್ಲಿ ಊಟ ಹಾಕಿಸಿದ್ದ ಕಣಯ್ಯಾ ಅಂದೆ. ಅವನಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದ. ಆಮೇಲೆ ಸಂಜೆ ಮೆಸೇಜ್ ಬಂತು, ಶನಿವಾರ ಊರಿಗೆ ಹೋಗುತ್ತಿದ್ದಾನಂತೆ, ಸೋಮವಾರ ಅರ್ಧ ದಿನ ರಜ ಬೇಕಂತೆ. ಪೂರ್ತಿ ದಿನ ಹಾಕಿಕೋ ಅಂತ ಬರೆದೆ.